ಯಶವಂತಪುರದ ಏಡಿಗಳು

ಪಾರ್ಲರಿನ ಆಳೆತ್ತರದ ಪೆಟ್ಟಿಗೆಯಲ್ಲಿ ವಿಡಿಯೋ ಗೇಮ್ ಆಡಿ ಬಂದವರು ಮನೆಯ ಕಂಪ್ಯೂಟರಿನಲ್ಲಿ ಅದೇ ಆಟ ಕಂಡರೆ ಮೂಗು ಮುರಿಯುತ್ತಿದ್ದರು. ಬಣ್ಣ ಸಾಲದು, ಸದ್ದು ಸಾಲದು, ಇದು ಅಸಲಿ ಅಲ್ಲ, ಬರೀ ನಕಲು ಎನ್ನುತ್ತಿದ್ದರು. ಮುರಿಯಲಿ ಬಿಡಿ, ಅವರ ಮೂಗು, ಅವರಿಷ್ಟ. ನಾನು ಆ ಅಸಲಿಯನ್ನು ಕಣ್ಣಾರೆ ನೋಡುವ ಮೊದಲೇ ಅದರ ನಕಲು ಮಾಡಿದವಳು. ಮಾಡಿದ್ದಕ್ಕೆ ಇವತ್ತಿಗೂ ನಾಚಿಕೆಯಿಲ್ಲ. ನಕಲು ಎಂಬ ಮಾತನ್ನು ಬೈಗುಳದಂತೆ ಬಳಸುವವರನ್ನು ಕಂಡರೆ ಈ ವಯಸ್ಸಿನಲ್ಲೂ ಮೈ ಉರಿಯುತ್ತದೆ. ಯಾಕೆಂದರೆ ನಾನು ಉಂಡದ್ದೇ ನಕಲಿನ ಅನ್ನ.

ಎಂಬತ್ತರ ದಶಕದಲ್ಲಿ ಜಾಲಹಳ್ಳಿಯ ಒಂದು ದೊಡ್ಡ ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ನಾನು ಟ್ರೇಸರ್ ಆಗಿದ್ದೆ. ಈಗಿನವರಿಗೆ ಆ ಕೆಲಸವೇ ಗೊತ್ತಿಲ್ಲ, ಹೇಳಿಬಿಡುತ್ತೇನೆ. ಡ್ರಾಫ್ಟ್ಸ್‌ಮನ್‌ಗಳು ಯಂತ್ರದ ಭಾಗಗಳ ನಕ್ಷೆಯನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದರು. ಅದರ ಮೇಲೆ ತೆಳ್ಳನೆಯ ಪಾರದರ್ಶಕ ಹಾಳೆ ಹಾಸಿ, ನಾವು ಇಂಕಿನಲ್ಲಿ ಒಂದೊಂದೇ ಗೆರೆ ಎಳೆಯುತ್ತಿದ್ದೆವು. ಆ ಹಾಳೆಯಿಂದ ಪ್ರಿಂಟು ತೆಗೆದು ಶಾಪಿಗೆ ಕಳಿಸುತ್ತಿದ್ದರು, ಅಲ್ಲಿ ಅದನ್ನು ನೋಡಿಕೊಂಡು ಕಬ್ಬಿಣ ಕತ್ತರಿಸುತ್ತಿದ್ದರು. ಗೆರೆ ಶುರುವಾದಾಗ ಎಷ್ಟು ದಪ್ಪವೋ ಮುಗಿಯುವಾಗಲೂ ಅಷ್ಟೇ ದಪ್ಪವಿರಬೇಕು. ಒಂದು ಕೂದಲೆಳೆ ಹೆಚ್ಚಾದರೂ ಬ್ಲೇಡಿನಿಂದ ಕೆರೆದು ಮತ್ತೆ ಎಳೆಯಬೇಕು. ಏರುಪೇರು ಎಂಬುದು ನಮಗೆ ಪಾಪಕ್ಕೆ ಸಮಾನವಾಗಿತ್ತು.

ಟ್ರೇಸರ್‌ಗಳು ಆರು ಜನ, ಆರೂ ಹೆಂಗಸರು. ಡ್ರಾಫ್ಟ್ಸ್‌ಮನ್‌ಗಳು ಎಲ್ಲರೂ ಗಂಡಸರು. ಕಿಟಕಿಯ ಬೆಳಕು ಅವರ ಬೋರ್ಡುಗಳಿಗೆ, ಗೋಡೆಯ ಪಕ್ಕದ ಟ್ಯೂಬ್‌ಲೈಟು ನಮಗೆ. ನಮ್ಮ ಮೂಲೆಗೆ ಅವರಿಟ್ಟ ಹೆಸರು ನಕಲು ಸೆಕ್ಷನ್. ಅವರ ಪೆನ್ಸಿಲ್ ನಕ್ಷೆಯಲ್ಲಿ ಅಳತೆಗಳು ತಾಳೆಯಾಗದಿದ್ದಾಗ ಹಿಡಿಯುತ್ತಿದ್ದದ್ದು ನಾವೇ. ಎದ್ದು ಹೋಗಿ ತೋರಿಸಿದರೆ, "ಇದ್ದಂಗೇ ಎಳಿಯಮ್ಮ, ತಲೆ ಓಡಿಸ್ಬೇಡ" ಎನ್ನುತ್ತಿದ್ದರು. ಆಮೇಲೆ ಗುಟ್ಟಾಗಿ ಸರಿಮಾಡಿ ತಂದುಕೊಡುತ್ತಿದ್ದರು. ತಪ್ಪು ಅವರದಾದರೂ ಉಪಕಾರ ಮಾತ್ರ ನಮ್ಮ ಮೇಲೆ.

ನಮ್ಮ ಮನೆ ಆರ್.ಟಿ. ನಗರದಲ್ಲಿ. ಅಬ್ಬಾ, ಅಮ್ಮಿ, ನಾನು, ಅಣ್ಣನ ಹೆಂಡತಿ ಭಾಭಿ. ಅಣ್ಣ ಕೊಲ್ಲಿ ದೇಶದಲ್ಲಿ ಎಲೆಕ್ಟ್ರಿಷಿಯನ್. ಒಂದು ಸಲ ರಜೆಗೆ ಬಂದವನು ಕಲರ್ ಟಿ.ವಿ.ಯ ಜೊತೆಗೆ ಒಂದು ಕಂಪ್ಯೂಟರನ್ನೂ ತಂದ. ಕಂಪ್ಯೂಟರ್ ಎಂದರೆ ಏನೋ ಎಂದುಕೊಂಡಿದ್ದೆವು. ನೋಡಿದರೆ ಊಟದ ತಟ್ಟೆಗಿಂತ ಚಿಕ್ಕದು, ಮೇಲೆ ರಬ್ಬರಿನ ಕೀಗಳು. ಒಂದು ವೈರನ್ನು ಟಿ.ವಿ.ಯ ಏರಿಯಲ್ ತೂತಿಗೆ, ಇನ್ನೊಂದನ್ನು ಟೇಪ್ ರೆಕಾರ್ಡರಿಗೆ ಚುಚ್ಚಬೇಕು. ಆಟಗಳು ಕ್ಯಾಸೆಟ್ಟಿನಲ್ಲಿ ಬರುತ್ತಿದ್ದವು. ಪ್ಲೇ ಒತ್ತಿದರೆ ಕಿವಿ ಹರಿಯುವಂತೆ ಕಿರುಚುವ ಸದ್ದು, ಟಿ.ವಿ.ಯ ಅಂಚಿನಲ್ಲಿ ಪಟ್ಟೆ ಪಟ್ಟೆ ಬಣ್ಣ, ಐದು ನಿಮಿಷ ಕಾದ ಮೇಲೆ ಆಟ. ವಾಲ್ಯೂಮು ಸ್ವಲ್ಪ ಹೆಚ್ಚುಕಮ್ಮಿಯಾದರೂ ಅದೂ ಇಲ್ಲ.

ಅಣ್ಣ ತಂದಿದ್ದು ಎರಡು ಕ್ಯಾಸೆಟ್ಟು. ಒಂದು ಲೆಕ್ಕ ಕಲಿಸುವುದು. ಇನ್ನೊಂದು ಆ ಕಾಲದಲ್ಲಿ ಊರೆಲ್ಲ ಹುಚ್ಚು ಹಿಡಿಸಿದ್ದ ಪಾರ್ಲರ್ ಆಟದ, ಮನೆಯಲ್ಲಿ ಆಡಬಹುದಾದ ರೂಪ: ಮೇಲಿನಿಂದ ಏಡಿಗಳಂಥ ಜಂತುಗಳು ಸಾಲುಸಾಲಾಗಿ ಅತ್ತಿತ್ತ ನಡೆಯುತ್ತ ಇಳಿದು ಬರುತ್ತವೆ, ಕೆಳಗಿನಿಂದ ನಾವು ಗುಂಡು ಹಾರಿಸಿ ಒಂದೊಂದನ್ನೇ ಹೊಡೆಯಬೇಕು, ನೆಲ ಮುಟ್ಟಿದರೆ ನಾವು ಸತ್ತಂತೆ. ಇಷ್ಟೂ ನಮಗೆ ಗೊತ್ತಾದದ್ದು ಕ್ಯಾಸೆಟ್ಟಿನ ಡಬ್ಬಿಯ ಮೇಲಿನ ಚಿತ್ರದಿಂದ ಮತ್ತು ಅಣ್ಣನ ಬಾಯಿಂದ. ಆ ಟೇಪು ಮಾತ್ರ ಒಂದು ದಿನವೂ ತೆರೆದುಕೊಳ್ಳಲಿಲ್ಲ. ಅಣ್ಣ ರಜೆ ಮುಗಿಸಿ ಹೋದ ಮೇಲೂ ಭಾಭಿ ದಿನಾ ಮಧ್ಯಾಹ್ನ ಅದನ್ನು ಹಾಕಿ, ಬಿಸ್ಮಿಲ್ಲಾ ಹೇಳಿ, ಕಿರುಚಾಟ ಕೇಳಿ, ಕೊನೆಗೆ ತೆಗೆದಿಡುತ್ತಿದ್ದಳು.

ಹೀಗಿರುವಾಗ ನಮ್ಮ ಆಫೀಸಿಗೆ ಸುದ್ದಿ ಬಂತು. ನಕ್ಷೆ ಬರೆಯುವ ಕಂಪ್ಯೂಟರುಗಳು ಬರುತ್ತವಂತೆ. ಕಂಪ್ಯೂಟರಿನಲ್ಲಿ ಬರೆದ ನಕ್ಷೆಯನ್ನು ಪೆನ್ನು ಹಿಡಿದ ಇನ್ನೊಂದು ಯಂತ್ರವೇ ಹಾಳೆಗೆ ಇಳಿಸುತ್ತದಂತೆ. ಅಂದರೆ ಟ್ರೇಸರ್‌ಗಳ ಕೆಲಸ ಅಲ್ಲಿಗೆ ಮುಗಿಯಿತು. ಕಂಪ್ಯೂಟರ್ ಕಲಿಯಲು ಐದು ಜನರನ್ನು ಆರಿಸುತ್ತಾರೆ, ತಿಂಗಳ ಕೊನೆಗೆ ಪಟ್ಟಿ ಹೋಗುತ್ತದೆ ಎಂದು ನೋಟಿಸು ಹಾಕಿದರು. ನೋಟಿಸಿನಲ್ಲಿ ಡ್ರಾಫ್ಟ್ಸ್‌ಮನ್‌ಗಳು ಅರ್ಜಿ ಹಾಕಬಹುದು ಎಂದಿತ್ತು. ಟ್ರೇಸರ್ ಎಂಬ ಪದವೇ ಇರಲಿಲ್ಲ. ನಮ್ಮನ್ನು ಸ್ಟೋರ್ಸಿಗೆ ಹಾಕುತ್ತಾರೆ, ನಟ್ಟು ಬೋಲ್ಟು ಎಣಿಸಿ ಚೀಟಿ ಅಂಟಿಸುವ ಕೆಲಸ ಎಂದು ಊಟದ ಹೊತ್ತಿನಲ್ಲಿ ಮಾತು ಹಬ್ಬಿತು. ನನ್ನ ಪಕ್ಕದ ಬೋರ್ಡಿನ ಹೆಂಗಸು ಅಂದು ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಇಪ್ಪತ್ತು ವರ್ಷ ಗೆರೆ ಎಳೆದ ಕೈ ಅದು.

ನಾನು ಅರ್ಜಿ ಬರೆದುಕೊಂಡು ಸೀದಾ ವಿಭಾಗದ ಸಾಹೇಬರ ಕೋಣೆಗೆ ಹೋದೆ. ಸಾಹೇಬರು ಕೆಟ್ಟವರಲ್ಲ. ಹಬ್ಬಕ್ಕೆ ನಮಗೆಲ್ಲ ಸಿಹಿ ಹಂಚುತ್ತಿದ್ದರು. ಅರ್ಜಿಯನ್ನು ಓದಿ, ಕನ್ನಡಕ ತೆಗೆದು, ಮಗುವಿಗೆ ಹೇಳುವಂತೆ ಹೇಳಿದರು.

"ನೋಡಮ್ಮ, ನಿಮ್ಮ ಕೈ ಚೆನ್ನಾಗಿದೆ. ಆದ್ರೆ ನಿಮ್ಮದು ನಕಲು ಕೆಲಸ. ಕಂಪ್ಯೂಟರಿಗೆ ಸ್ವಂತ ತಲೆ ಬೇಕಾಗತ್ತೆ."

"ನಮ್ಮನೇಲಿ ಕಂಪ್ಯೂಟರ್ ಇದೆ ಸಾರ್" ಎಂದೆ.

ಅಲ್ಲಿ ಕಡತ ಹಿಡಿದು ನಿಂತಿದ್ದ ಹಿರಿಯ ಡ್ರಾಫ್ಟ್ಸ್‌ಮನ್ ನಕ್ಕ. ಸಂಬಳದ ದಿನ ಗೆಳೆಯರನ್ನು ಕಟ್ಟಿಕೊಂಡು ಯಶವಂತಪುರದ ವಿಡಿಯೋ ಗೇಮ್ ಪಾರ್ಲರಿಗೆ ಹೋಗಿ, ಮರುದಿನ ಎಷ್ಟು ಏಡಿ ಹೊಡೆದೆ ಎಂದು ಜಂಬ ಕೊಚ್ಚುತ್ತಿದ್ದವನು ಅವನೇ.

"ಹಂಗಾದ್ರೆ ನಮ್ಮ ಯಶವಂತಪುರದ ಏಡಿ ಆಟ ಮಾಡಿ ತೋರಿಸ್ರಮ್ಮ ಅದ್ರಲ್ಲಿ! ಆಮೇಲೆ ಸೀಟು ಕೇಳೋರಂತೆ" ಎಂದ.

ಸಾಹೇಬರೂ ನಕ್ಕರು. ನಗುತ್ತಲೇ, "ಆಯ್ತು, ಮಾಡಿ ತೋರ್ಸಿ, ನೋಡೋಣ" ಎಂದುಬಿಟ್ಟರು. ಅವರಿಗೆ ಅದು ತಮಾಷೆ. ನಾನು ಮಾತ್ರ "ಸರಿ ಸಾರ್, ತಿಂಗಳ ಕೊನೇ ಶನಿವಾರ, ಕ್ವಾರ್ಟರ್ಸ್ ಕ್ಲಬ್ಬಲ್ಲಿ ಟಿ.ವಿ. ಇದೆಯಲ್ಲ, ಅಲ್ಲೇ ತೋರಿಸ್ತೀನಿ" ಎಂದು, ಅರ್ಜಿಯನ್ನು ಅವರ ಮೇಜಿನ ಮೇಲೇ ಬಿಟ್ಟು ಬಂದೆ.

ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು: ಆ ಆಟವನ್ನು ನಾನು ನೋಡಿಯೇ ಇರಲಿಲ್ಲ.

ಮನೆಗೆ ಬಂದು ಭಾಭಿಗೆ ಹೇಳಿದೆ. ಭಾಭಿ ರಾಜಾನುಕುಂಟೆಯ ಕಡೆಯ ರೈತರ ಮನೆಯ ಮಗಳು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು, ಬಾಯಿ ಮಾತ್ರ ಬಿ.ಎ. ಪಾಸು. ನಾವು ಮನೆಯಲ್ಲಿ ಆಡುವುದು ದಖನಿ ಉರ್ದು. ಅವಳ ಮಾತನ್ನು ಇಲ್ಲಿ ಕನ್ನಡಕ್ಕೆ ತಿರುಗಿಸಿ ಬರೆದರೆ ಅದರ ಖಾರ ಅರ್ಧ ಇಳಿದುಹೋಗುತ್ತದೆ, ಆದರೂ ಬರೆಯುತ್ತೇನೆ.

"ಆ ಟೇಪು ಹೇಗೂ ಹಾಡಲ್ಲ. ನೀನೇ ಮಾಡು. ಆಡೋದಕ್ಕೆ ನಾನಿದೀನಿ" ಎಂದಳು.

ಕಂಪ್ಯೂಟರಿನ ಜೊತೆ ಒಂದು ಇಂಗ್ಲಿಷ್ ಪುಸ್ತಕ ಬಂದಿತ್ತು. ಯಂತ್ರಕ್ಕೆ ಅದರದೇ ಭಾಷೆಯಲ್ಲಿ ಹೇಗೆ ಅಪ್ಪಣೆ ಕೊಡಬೇಕೆಂದು ಅದರಲ್ಲಿ ಪಾಠಗಳಿದ್ದವು. ಡಿಕ್ಷನರಿ ಪಕ್ಕಕ್ಕಿಟ್ಟುಕೊಂಡು ಓದಿದೆ. ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿಗೆ ಮೊದಲು ಒಂದು ಗಂಟೆ, ಸಂಜೆ ಅಬ್ಬಾರ ವಾರ್ತೆ ಶುರುವಾಗುವ ತನಕ ಒಂದು ಗಂಟೆ, ಭಾನುವಾರ ಕರೆಂಟು ಇರುವಷ್ಟು ಹೊತ್ತು. ಬರೆದದ್ದನ್ನು ಟೇಪಿಗೆ ಇಳಿಸುವ ಮೊದಲೇ ಕರೆಂಟು ಹೋದರೆ ಎಲ್ಲ ಮಾಯ. ಎರಡು ಸಲ ಹಾಗಾಯಿತು. ಎರಡನೆಯ ಸಲ ನಾನು ಅತ್ತೇಬಿಟ್ಟೆ, ಸುಳ್ಳು ಹೇಳುವುದಿಲ್ಲ.

ಪುಸ್ತಕದಲ್ಲಿ ಚಿತ್ರ ಬಿಡಿಸುವ ಪಾಠ ಬಂದಾಗ ಮಾತ್ರ ನನಗೆ ನಗು ಬಂತು. ಉದ್ದಕ್ಕೆ ಎಂಟು, ಅಡ್ಡಕ್ಕೆ ಎಂಟು ಚೌಕ. ತುಂಬಿದ ಚೌಕಕ್ಕೆ ಒಂದು, ಖಾಲಿ ಚೌಕಕ್ಕೆ ಸೊನ್ನೆ. ಅಷ್ಟರಲ್ಲಿ ಏಡಿ ಏಡಿಯಂತೆ ಕಾಣಬೇಕು. ಗ್ರಾಫ್ ಹಾಳೆಯ ಮೇಲೆ ಬದುಕುವವಳಿಗೆ ಇದನ್ನು ಹೇಳಿಕೊಡಬೇಕೆ? ಡಬ್ಬಿಯ ಮೇಲಿನ ಚಿತ್ರವನ್ನು ಭೂತಗನ್ನಡಿಯಲ್ಲಿ ನೋಡಿ, ಕಾಲು ಯಾವುದು ಬಿಟ್ಟರೆ ನಡೆಯುತ್ತದೆ, ಕಣ್ಣು ಯಾವುದು ಉಳಿಯಲೇಬೇಕು ಎಂದು ಅಳೆದು ಅಳೆದು ಬರೆದೆ. ಎಂಟೆಂಟು ಚೌಕದ ಒಂದು ತುಂಡಿಗೆ ಯಂತ್ರ ಎರಡೇ ಬಣ್ಣ ಕೊಡುತ್ತಿತ್ತು. ಮೂರನೆಯದು ಬಂದರೆ ಒಂದರ ಮೇಲೊಂದು ಮೆತ್ತಿಕೊಳ್ಳುತ್ತಿತ್ತು. ಬೇಡ ಬಿಡು ಎಂದು ಸಾಲಿಗೊಂದು ಬಣ್ಣ ಮಾಡಿದೆ. ಇಪ್ಪತ್ತನಾಲ್ಕು ಏಡಿಗಳು ಮೂರು ಸಾಲಿನಲ್ಲಿ ನಿಂತು, ನಮ್ಮ ಆರ್.ಟಿ. ನಗರದ ಮನೆಯಲ್ಲಿ ಮೊದಲ ಸಲ ಅಡ್ಡಡ್ಡ ನಡೆದಾಗ, ಭಾಭಿ ಒಲೆಯ ಮೇಲಿನ ಹಾಲು ಉಕ್ಕಿಸಿಬಿಟ್ಟಳು. ಅಮ್ಮಿ ಇಬ್ಬರಿಗೂ ಬೈದರು.

ಒಂದು ದೋಷ ಉಳಿಯಿತು. ನನ್ನ ಯಂತ್ರ ಒಂದು ಸಲಕ್ಕೆ ಒಂದೇ ಏಡಿಯನ್ನು ಸರಿಸಬಲ್ಲದು. ಇಪ್ಪತ್ತನಾಲ್ಕನ್ನೂ ಸರಿಸಿ ಮುಗಿಸುವ ಹೊತ್ತಿಗೆ ಮೆರವಣಿಗೆ ನಿಧಾನ. ಏಡಿಗಳು ಸಾಯುತ್ತ ಹೋದಂತೆ ಸರಿಸಬೇಕಾದವು ಕಡಿಮೆಯಾಗಿ, ಉಳಿದವು ಚುರುಕಾಗಿಬಿಡುತ್ತಿದ್ದವು. ಕೊನೆಯದೊಂದು ಉಳಿದರೆ ಹುಚ್ಚು ನಾಯಿಯಂತೆ ಓಡುತ್ತಿತ್ತು. ನನಗೆ ಅವಮಾನವಾಯಿತು. ಶುರುವಿನಲ್ಲಿ ಒಂದು ವೇಗ, ಕೊನೆಯಲ್ಲಿ ಇನ್ನೊಂದು ವೇಗ! ಗೆರೆ ಒಂದು ತುದಿಯಲ್ಲಿ ತೆಳ್ಳಗೆ, ಇನ್ನೊಂದು ತುದಿಯಲ್ಲಿ ದಪ್ಪ! ಇದನ್ನು ಹಾಗೇ ತೋರಿಸಿದರೆ ಡ್ರಾಫ್ಟ್ಸ್‌ಮನ್‌ಗಳು ಬಿಡುತ್ತಾರೆಯೇ?

ನಾಲ್ಕು ದಿನ ಕೂತು ಸರಿಪಡಿಸಿದೆ. ಒಂದು ಏಡಿ ಸತ್ತರೆ, ಅದನ್ನು ಸರಿಸಲು ಬೇಕಾಗುತ್ತಿದ್ದಷ್ಟು ಹೊತ್ತು ಯಂತ್ರ ಸುಮ್ಮನೆ ಕಾಯುವಂತೆ ಮಾಡಿದೆ. ಈಗ ಮೊದಲ ಏಡಿಯಿಂದ ಕೊನೆಯ ಏಡಿಯವರೆಗೆ ಒಂದೇ ನಡಿಗೆ. ಟ್ರೇಸರ್ ಎಳೆದ ಗೆರೆ ಎಂದರೆ ಇದು ಎಂದು ಬೀಗಿದೆ.

ಭಾಭಿ ಆಡಿದಳು. ಮೂರು ಆಟ ಆಡಿ, ನಾಲ್ಕನೆಯದರ ಮಧ್ಯೆ ಎದ್ದು ಅಕ್ಕಿ ಆರಿಸಲು ಹೋದಳು.

"ಏನಾಯ್ತು?" ಎಂದು ಕೇಳಿದೆ.

"ಏನೂ ಆಗ್ಲಿಲ್ಲ, ಅದೇ ಆಗಿದ್ದು. ಮೊದಲು ತಪ್ಪಿತ್ತಲ್ಲ, ಆಗ ಎದೆ ಹೊಡ್ಕೊಳ್ತಿತ್ತು. ಈಗ ಅದೂ ಇಲ್ಲ" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅವಳ ಮುಖಕ್ಕೇ ಹೇಳಿದೆ. ಅವಳು ಮೊರವನ್ನು ಕೆಳಗಿಟ್ಟಳು.

"ನೀನು ನೆಲಾನೇ ನೋಡಿಲ್ಲ. ನಾನೂ ನೋಡಿಲ್ಲ. ನಡಿ, ಹೋಗಿ ನೋಡೋಣ."

ಮಾರನೆಯ ದಿನ ನಾನು ಅರ್ಧ ದಿನ ರಜೆ ಹಾಕಿದೆ. ಅಮ್ಮಿಗೆ ಬಟ್ಟೆ ಅಂಗಡಿಗೆ ಎಂದು ಹೇಳಿ, ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಇಬ್ಬರೂ ಯಶವಂತಪುರದಲ್ಲಿ ಇಳಿದೆವು. ಮಾರ್ಕೆಟ್ಟಿನ ಹಿಂದೆ, ಸೈಕಲ್ ಶಾಪಿನ ಪಕ್ಕ, ಬಾಗಿಲಿಗೆ ಕಪ್ಪು ಪರದೆ ಹಾಕಿದ್ದ ಕೋಣೆ. ನಾನು ಆಫೀಸಿನ ಸೀರೆಯಲ್ಲಿ, ಕೈಯಲ್ಲಿ ಗ್ರಾಫ್ ಹಾಳೆ ಮತ್ತು ಪೆನ್ಸಿಲ್. ಭಾಭಿ ಬುರ್ಖಾದಲ್ಲಿ. ಒಳಗೆ ಮೂರು ನಾಲ್ಕು ಗಂಡಸರಿದ್ದರು. ಎಲ್ಲರ ಕೈಯೂ ನಿಂತುಹೋಯಿತು. ಒಂದು ಪೆಟ್ಟಿಗೆಯಲ್ಲಿ ಯಾರದೋ ವಿಮಾನ ತಾನಾಗಿಯೇ ಢಮಾರೆಂದಿತು.

ಗಲ್ಲಾದ ಮೇಲೆ ಕೂತಿದ್ದ ಯಜಮಾನ ಎದ್ದು ಬಂದ. "ಅಮ್ಮ, ಯಾರನ್ನ ಹುಡುಕ್ತಾ ಇದೀರಾ? ಇದು ಗಂಡಸ್ರು ಬರೋ ಜಾಗ ಕಣ್ರಮ್ಮ."

"ಬೋರ್ಡ್ ಹಾಕಿಲ್ವಲ್ಲ" ಎಂದೆ ನಾನು.

ಭಾಭಿ ಮುಖದ ಮೇಲಿನ ಪರದೆಯನ್ನು ಹಿಂದಕ್ಕೆ ಸರಿಸಿ, ತನ್ನ ರಾಜಾನುಕುಂಟೆಯ ಕನ್ನಡದಲ್ಲಿ ಶುರು ಮಾಡಿದಳು. "ಯಾಕಣ್ಣ, ಎಂಗಸ್ರು ಕಾಸು ಆಕಿದ್ರೆ ನಿನ್ ಪೆಟ್ಗೆ ಒಳೀಕೆ ಓಗಾಕಿಲ್ವಾ? ಇಂಗೆ ನಿಂತ್ಕಂಡು ದಾರಿ ಅಡ್ಡ ಕಟ್ಬ್ಯಾಡ, ಏಡಿ ಯಾವ್ದ್ರಾಗವೆ ತೋರ್ಸು."

ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ಯಜಮಾನನಿಗೂ ನಗು ತಡೆಯಲಾಗಲಿಲ್ಲವೋ, ಅಥವಾ ಎರಡು ಗಂಟೆಯ ಹೊತ್ತಿಗೆ ಗಿರಾಕಿ ಬಂದರೆ ಸಾಕೆನಿಸಿತೋ, ಮೂಲೆಯ ಪೆಟ್ಟಿಗೆ ತೋರಿಸಿದ.

ಅಂದು ನಾವು ಮಾಡಿದ ಕೆಲಸವನ್ನು ಆ ಪಾರ್ಲರಿನಲ್ಲಿ ಅದಕ್ಕೆ ಮೊದಲು ಯಾರೂ ಮಾಡಿರಲಾರರು. ಭಾಭಿ ಆಡುವುದು, ನಾನು ಪಕ್ಕದಲ್ಲಿ ನಿಂತು ಬರೆಯುವುದು. ಆಟ ಬೇಗ ಮುಗಿಯಬಾರದು, ಹಾಗಾಗಿ ಅವಳು ಗುಂಡು ಹಾರಿಸುವುದಕ್ಕಿಂತ ತಪ್ಪಿಸಿಕೊಳ್ಳುವುದೇ ಹೆಚ್ಚು. "ಆ ಬಲಗಡೆದನ್ನ ಬಿಡು, ಅದರ ಕಾಲು ನೋಡ್ಬೇಕು" ಎಂದರೆ ಅದನ್ನು ಬಿಟ್ಟು ಎಡಗಡೆಯದನ್ನು ಹೊಡೆಯುತ್ತಿದ್ದಳು. ಸುತ್ತ ನಿಂತವರು ಮೊದಲು ಲೇವಡಿ ಮಾಡಿದರು, ಕೊನೆಗೆ ಒಬ್ಬ "ಅಕ್ಕ, ಎಡಗಡೆ ಗೋಡೆ ಮರೆಗೆ ಬಾ" ಎಂದು ಸಲಹೆ ಕೊಡಲು ಶುರು ಮಾಡಿದ. ಮೊದಲ ಸಲ ಆ ಪೆಟ್ಟಿಗೆಯ ಹಿಡಿ ಮುಟ್ಟಿದ ಹೆಂಗಸಿಗೆ ಅಷ್ಟು ಕೈಗುಣ ಎಲ್ಲಿಂದ ಬಂತೋ, ನನಗೆ ಹೊಟ್ಟೆಕಿಚ್ಚಾಯಿತು.

ಆಗಲೇ ನಾನು ಅದನ್ನು ನೋಡಿದ್ದು. ಏಡಿಗಳು ಕಡಿಮೆಯಾದಂತೆ ಉಳಿದವು ಚುರುಕಾದವು. ಧಂ ಧಂ ಎನ್ನುತ್ತಿದ್ದ ಸದ್ದು ಧಂಧಂಧಂ ಎಂದು ಓಡಿತು. ಕೊನೆಯದು, ಒಂದೇ ಒಂದು, ಪರದೆಯ ಈ ತುದಿಯಿಂದ ಆ ತುದಿಗೆ ಹುಚ್ಚು ನಾಯಿಯಂತೆ ಓಡಿತು. ಭಾಭಿ ಕಿರುಚಿದಳು. ನನ್ನ ಪೆನ್ಸಿಲ್ ಕೆಳಗೆ ಬಿತ್ತು.

ನಾನು ತಪ್ಪೆಂದು ತಿದ್ದಿದ್ದೇ ಆಟದ ಜೀವವಾಗಿತ್ತು. ನಾಲ್ಕು ದಿನ ಬ್ಲೇಡು ಹಿಡಿದು ಅದನ್ನೇ ಕೆರೆದು ತೆಗೆದಿದ್ದೆ. ಮೂಲದ ಯಂತ್ರಕ್ಕೂ ಹೆಚ್ಚು ಏಡಿಗಳನ್ನು ಒಟ್ಟಿಗೆ ಹೊರುವ ಶಕ್ತಿಯಿಲ್ಲದೆ ಹಾಗಾಗಿತ್ತು ಎಂದು ಬಹಳ ವರ್ಷಗಳ ನಂತರ ಎಲ್ಲೋ ಓದಿದೆ. ಅದನ್ನು ಮಾಡಿದವನು ತಿದ್ದದೆ ಬಿಟ್ಟ, ನಾನು ತಿದ್ದಿಬಿಟ್ಟೆ. ಟ್ರೇಸರ್‌ಗಲ್ಲದೆ ಇನ್ನಾರಿಗೂ ಇಂಥ ತಪ್ಪು ಮಾಡಲು ಬರುವುದಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಭಾಭಿ ಕಿಟಕಿಯ ಕಡೆ ನೋಡುತ್ತ, "ನೆಲ ಡೊಂಕೇ ಇತ್ತು" ಎಂದಳು. ನಾನು ಕ್ಷಮೆ ಕೇಳಿದೆ, ಅಂದು ಸಂಜೆಯೇ ನನ್ನ ತಿದ್ದುಪಡಿಯನ್ನು ಅಳಿಸಿಹಾಕಿದೆ. ಬಟ್ಟೆ ತರದೆ ಬಂದಿದ್ದಕ್ಕೆ ಅಮ್ಮಿಗೆ ಏನು ಹೇಳಿದೆವೋ ಈಗ ನೆನಪಿಲ್ಲ.

ಕೊನೆಯ ಶನಿವಾರ ಕಂಪ್ಯೂಟರನ್ನು ಹಳೆಯ ಶಾಲಿನಲ್ಲಿ ಸುತ್ತಿ, ಟೇಪ್ ರೆಕಾರ್ಡರನ್ನು ಕಂಕುಳಲ್ಲಿ ಇಟ್ಟುಕೊಂಡು, ಜಾಲಹಳ್ಳಿ ಕ್ವಾರ್ಟರ್ಸಿನ ಕ್ಲಬ್ಬಿಗೆ ಹೋದೆ. ಸಾಹೇಬರು ಮರೆತೇಬಿಟ್ಟಿದ್ದರು. ಕೇರಂ ಆಡುತ್ತಿದ್ದವರನ್ನು ನಾನೇ ಹೋಗಿ ಎಬ್ಬಿಸಿದೆ. ಡ್ರಾಫ್ಟ್ಸ್‌ಮನ್‌ಗಳು ಬಂದರು. ಹಿಂದೆ ಗೋಡೆಗೆ ಒರಗಿ ಐದು ಜನ ಟ್ರೇಸರ್‌ಗಳು ನಿಂತರು. ಶನಿವಾರದ ಮನೆಕೆಲಸ ಬಿಟ್ಟು ಬಂದಿದ್ದರು. ಟೇಪು ಕಿರುಚತೊಡಗಿದಾಗ ಎಲ್ಲರೂ ಕಿವಿ ಮುಚ್ಚಿಕೊಂಡರು. ಆ ಐದು ನಿಮಿಷದಷ್ಟು ಉದ್ದದ ಐದು ನಿಮಿಷವನ್ನು ನಾನು ಮತ್ತೆ ಕಾಣಲಿಲ್ಲ. ಇದು ತೆರೆದುಕೊಳ್ಳದಿದ್ದರೆ ನಕಲು ಸೆಕ್ಷನ್ನಿಗೆ ತಲೆಯಿಲ್ಲ ಎಂಬುದು ಖಾಯಂ ಆಗಿ, ನನಗೂ ಆ ಐವರಿಗೂ ಸ್ಟೋರ್ಸೇ ಗತಿ ಎಂದು ಎಲ್ಲರಿಗೂ ಗೊತ್ತಿತ್ತು.

ತೆರೆದುಕೊಂಡಿತು. ಮೂರು ಬಣ್ಣದ ಮೂರು ಸಾಲು ಏಡಿ.

ಮೊದಲು ಹಿರಿಯ ಡ್ರಾಫ್ಟ್ಸ್‌ಮನ್ ಕೂತ. "ಹಿಡಿ ಇಲ್ಲ, ಕೀ ಒತ್ಬೇಕಾ? ಥತ್" ಎಂದ. ಅರ್ಧಕ್ಕೆ ಬರುವ ಹೊತ್ತಿಗೆ ನಾಲಗೆ ಕಚ್ಚಿಕೊಂಡು ಆಡುತ್ತಿದ್ದ. ಕೊನೆಯ ಏಡಿ ಓಡತೊಡಗಿದಾಗ ಕುರ್ಚಿಯಿಂದ ಅರ್ಧ ಎದ್ದ, ತಪ್ಪಿದ, ಸತ್ತ. ಆಮೇಲೆ ಸಾಹೇಬರು ಕೂತರು. ಅವರು ಅಂಥ ಪಾರ್ಲರಿನ ಹೊಸಿಲು ತುಳಿದವರಲ್ಲ. ಒಂದಾಟ ಆಡಿದರು. "ಇನ್ನೊಂದ್ಸಲ" ಎಂದರು. ಮತ್ತೆ "ಇನ್ನೊಂದೇ ಒಂದ್ಸಲ". ಅವರ ಹಣೆ ಬೆವೆತಿತ್ತು. ನಾಲ್ಕನೆಯ ಸಲ ಸತ್ತ ಮೇಲೆ ಕನ್ನಡಕ ಒರೆಸಿಕೊಂಡು, ಸಾಹೇಬರಾಗಿ ಮಾತಾಡಿದರು.

"ಕೊನೇಲಿ ಸ್ಪೀಡ್ ಹೆಚ್ಚಾಗತ್ತಲ್ಲ, ಅದು ಪ್ರೋಗ್ರಾಮಿನ ದೋಷ ಇರಬೇಕು. ಸಮ ಇಲ್ಲ."

"ಇಲ್ಲ ಸಾರ್, ಅಸಲಿನೂ ಹಂಗೇ" ಎಂದ ಹಿರಿಯ ಡ್ರಾಫ್ಟ್ಸ್‌ಮನ್. ಹೇಳಿದ ಮೇಲೆ ನಾಲಗೆ ಯಾಕಾದರೂ ಹೊರಳಿತೋ ಎಂಬಂತೆ ನನ್ನ ಕಡೆ ನೋಡಿದ. ಆದರೂ ಹೇಳಿದ್ದ, ಅದನ್ನು ನಾನು ಮರೆಯಬಾರದು.

ಸಾಹೇಬರು "ಆದ್ರೂ ಇದು ನಕಲೇ ಅಲ್ವೇನಮ್ಮ? ಬೇರೆ ಯಾರೋ ಯೋಚನೆ ಮಾಡಿದ್ದು" ಎಂದರು.

ಅಷ್ಟು ಜನರ ಮುಂದೆ ನಾನು ಅದಕ್ಕೆ ಮೊದಲು ಯಾವತ್ತೂ ಮಾತಾಡಿದವಳಲ್ಲ. ಆದರೆ ಸಿಟ್ಟು ಇತ್ತಲ್ಲ, ಅದು ಧೈರ್ಯಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

"ಹೌದು ಸಾರ್, ನಕಲೇ. ಅದು ಆಳೆತ್ತರದ ಪೆಟ್ಟಿಗೆ, ಇದು ತಟ್ಟೆಯಷ್ಟಿದೆ. ಅದರಲ್ಲಿ ಇರೋದೆಲ್ಲ ಇದರಲ್ಲಿ ಹಿಡಿಸಲ್ಲ. ಬಣ್ಣ ಬಿಟ್ಟೆ, ಸದ್ದು ಬಿಟ್ಟೆ, ಅರ್ಧಕ್ಕರ್ಧ ಏಡಿ ಬಿಟ್ಟೆ. ಕೊನೇ ಏಡಿ ಓಡೋದನ್ನ ಮಾತ್ರ ಬಿಡ್ಲಿಲ್ಲ. ನಾನೂ ಮೊದಲು ಅದನ್ನ ದೋಷ ಅಂತಾನೇ ತಿದ್ದಿದ್ದೆ, ತಿದ್ದಿದ್ಮೇಲೆ ಆಟ ಸತ್ತೋಯ್ತು. ಏನು ಬಿಡ್ಬೇಕು, ಏನು ಉಳಿಸ್ಬೇಕು ಅಂತ ಗೊತ್ತಾಗದೆ ನಕಲು ಮಾಡಕ್ಕಾಗಲ್ಲ ಸಾರ್. ನಿಮ್ಮ ಪೆನ್ಸಿಲ್ ನಕ್ಷೆನ ಶಾಪ್‌ನೋರು ಯಾವತ್ತಾದ್ರೂ ನೋಡಿದಾರಾ? ಈ ಫ್ಯಾಕ್ಟರಿಯಿಂದ ಆಚೆ ಹೋದ ಒಂದೊಂದು ಯಂತ್ರಾನೂ ನಮ್ಮ ನಕಲು ನೋಡ್ಕೊಂಡೇ ಆಗಿದ್ದು. ಸ್ವಂತ ತಲೆ ಇಲ್ಲದೋರ ಕೈಯಿಂದ ಅಷ್ಟು ವರ್ಷ ನೀವು ಯಂತ್ರ ಮಾಡಿಸಿದ್ರಾ?"

ಗೋಡೆಯ ಕಡೆಯಿಂದ ಯಾರೋ ಒಬ್ಬಳು ಚಪ್ಪಾಳೆ ತಟ್ಟಿದಳು. ಒಂದೇ ಸಲ, ಹೆದರಿ ನಿಲ್ಲಿಸಿದಳು. ಸಾಹೇಬರು ಎದ್ದುಹೋದರು.

ಸೋಮವಾರ ಬೆಳಿಗ್ಗೆ ಕರೆಸಿದರು. ಮೇಜಿನ ಮೇಲೆ ಟೈಪು ಮಾಡಿದ ಒಂದು ಹಾಳೆ. ನನ್ನ ಹೆಸರು ಐದನೆಯದಾಗಿ ಪಟ್ಟಿಯಲ್ಲಿ ಸೇರಿದೆ, ಆದರೆ ತರಬೇತಿಯ ಕಾರಣದಿಂದ ನಾನು ಹುದ್ದೆಯಲ್ಲಾಗಲಿ ದರ್ಜೆಯಲ್ಲಾಗಲಿ ಬದಲಾವಣೆ ಕೇಳುವಂತಿಲ್ಲ, ಟ್ರೇಸರ್ ಆಗಿಯೇ ಉಳಿಯಬೇಕು, ಒಪ್ಪಿದರೆ ಸಹಿ ಹಾಕಬೇಕು. ನಾನು ಒಪ್ಪುವುದಿಲ್ಲ ಎಂದೇ ಅವರು ಎಣಿಸಿದ್ದರು, ಮುಖದಲ್ಲೇ ಕಾಣುತ್ತಿತ್ತು. ಪಟ್ಟಿ ಹನ್ನೊಂದು ಗಂಟೆಯ ಒಳಗೆ ಮೇಲಿನ ಆಫೀಸಿಗೆ ಹೋಗಬೇಕಿತ್ತು. ಜವಾನ ಬಾಗಿಲಲ್ಲೇ ನಿಂತಿದ್ದ.

ಅನ್ಯಾಯ ಎಂದು ಗೊತ್ತಿತ್ತು. ಬಿಟ್ಟು ಬಂದರೆ ಮಾನ ಉಳಿಯುತ್ತಿತ್ತು, ಕುರ್ಚಿ ಹೋಗುತ್ತಿತ್ತು. ನನಗೆ ಕುರ್ಚಿ ಬೇಕಿತ್ತು. ಪೆನ್ನು ತೆಗೆದು, ಅವರ ಷರತ್ತಿನ ಕೆಳಗೆ, ನಕ್ಷೆಗಳ ಮೇಲೆ ನಾವು ಬರೆಯುವ ಅಚ್ಚಿನಂಥ ಅಕ್ಷರದಲ್ಲಿ ಒಂದು ಸಾಲು ಸೇರಿಸಿದೆ: ನಾನು ಕಲಿತದ್ದನ್ನು ಅದೇ ಯಂತ್ರದ ಮುಂದೆ ಉಳಿದ ಐದು ಜನ ಟ್ರೇಸರ್‌ಗಳಿಗೆ ಕಲಿಸುತ್ತೇನೆ. ಅದರ ಕೆಳಗೆ ಸಹಿ ಹಾಕಿದೆ.

"ಇದನ್ನ ಬರೀರಿ ಅಂತ ಯಾರು ಹೇಳಿದ್ರು?" ಎಂದರು ಸಾಹೇಬರು.

"ನಿಮ್ಮ ಷರತ್ತು ನೀವು ಹಾಕಿದ್ರಿ ಸಾರ್, ನಂದು ನಾನು ಹಾಕಿದೆ. ಬೇಡ ಅಂದ್ರೆ ಹರಿದ್ಹಾಕಿ, ಹೊಸದು ಟೈಪ್ ಮಾಡ್ಸಿ. ಆದ್ರೆ ಅದಕ್ಕೆ ನಾನು ಸಹಿ ಹಾಕಲ್ಲ. ಹಾಕದೆ ಇದ್ರೆ ಯಾಕೆ ಹಾಕ್ಲಿಲ್ಲ ಅಂತ ಕ್ಲಬ್ಬಲ್ಲಿದ್ದೋರೆಲ್ಲ ಕೇಳ್ತಾರೆ."

ಅವರು ಗಡಿಯಾರ ನೋಡಿದರು. ಜವಾನನನ್ನು ನೋಡಿದರು. ಮೊಹರು ತೆಗೆದು ಹಾಳೆಯ ಮೇಲೆ ಕುಟ್ಟಿದರು. ಅಷ್ಟು ಜೋರಾಗಿ ಕುಟ್ಟುವ ಅಗತ್ಯವಿರಲಿಲ್ಲ.

ನಿವೃತ್ತಿಯ ದಿನದವರೆಗೂ ನನ್ನ ಹುದ್ದೆ ಟ್ರೇಸರ್ ಎಂದೇ ಇತ್ತು. ಅದಕ್ಕೆ ಬೇಸರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಪಕ್ಕದಲ್ಲಿ ಅದೇ ಕೆಲಸ ಮಾಡುವ ಗಂಡಸು ಎರಡು ದರ್ಜೆ ಮೇಲಿದ್ದರೆ ಪ್ರತಿ ತಿಂಗಳೂ ಬೇಸರವಾಗುತ್ತದೆ. ಅದಕ್ಕಾಗಿ ಆಮೇಲೆ ಯೂನಿಯನ್ನಿನಲ್ಲಿ ಜಗಳವಾಡಿದೆ, ಸೋತೆ, ಮತ್ತೆ ಆಡಿದೆ. ಆ ಕಥೆ ಬೇರೆ. ಆ ಐವರು ಟ್ರೇಸರ್‌ಗಳಲ್ಲಿ ಒಬ್ಬಳೂ ಸ್ಟೋರ್ಸಿಗೆ ಹೋಗಲಿಲ್ಲ, ನನ್ನ ಲೆಕ್ಕಕ್ಕೆ ಅಂದು ಅದು ಸಾಕಾಗಿತ್ತು.

ಆಗಿನ್ನೂ ಕಂಪ್ಯೂಟರುಗಳು ಬಂದು ಎರಡೇ ವಾರವಾಗಿತ್ತು. ಊಟದ ಹೊತ್ತಿನಲ್ಲಿ ಡ್ರಾಫ್ಟ್ಸ್‌ಮನ್‌ಗಳು ಕ್ಯಾಂಟೀನಿಗೆ ಹೋದ ಮೇಲೆ, ಪಕ್ಕದ ಬೋರ್ಡಿನ ಆ ಹಿರಿಯಳನ್ನು ಕಂಪ್ಯೂಟರುಗಳನ್ನಿಟ್ಟಿದ್ದ ಎ.ಸಿ. ಕೋಣೆಗೆ ಕರೆದುಕೊಂಡು ಹೋಗಿ ನನ್ನ ಕುರ್ಚಿಯಲ್ಲಿ ಕೂರಿಸಿದೆ. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತಳು. ಪರದೆಯ ಮೇಲೆ ಮೊದಲ ಗೆರೆ ಮೂಡಿದಾಗ, ಎರಡೂ ತುದಿ ಒಂದೇ ದಪ್ಪ ಇದೆಯೇ ಎಂದು ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದಳು. ಬಾಗಿಲು ತೆರೆಯಿತು. ಸಾಹೇಬರು.

"ಇವರನ್ನ ಒಳಗೆ ಬಿಟ್ಟಿದ್ದು ಯಾರು?"

"ನೀವೇ ಸಾರ್" ಎಂದೆ.

ತಾವೇ ಮೊಹರು ಕುಟ್ಟಿದ ಹಾಳೆ ಅವರಿಗೆ ನೆನಪಾಗಿರಬೇಕು. ಬಾಗಿಲು ಎಳೆದುಕೊಂಡು ಹೋದರು. ಅವಳು ಅಷ್ಟು ಹೊತ್ತೂ ತಿರುಗಿ ನೋಡಿರಲಿಲ್ಲ, ಎರಡನೆಯ ಗೆರೆ ಎಳೆಯುತ್ತಿದ್ದಳು.